ಹುದ್ದೆ ಕಳೆದುಕೊಂಡ ಸಂಶೋಧಕಿಗೆ ನೊಬೆಲ್: ‘ತಪ್ಪು ಆಯ್ಕೆ’ ಗೆಲುವಾದದ್ದು ಹೇಗೆ?

1995ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ತನ್ನ ವೈದ್ಯಕೀಯ ವಿಭಾಗದಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದ ಹಂಗರಿ ಮೂಲದ ಸಂಶೋಧಕಿ ಕಟಾಲಿನ್ ಕರಿಕೊ ಅವರ ಹುದ್ದೆಯನ್ನು ಕೆಳದರ್ಜೆಗೆ ಇಳಿಸಿತು. ಅವರಿಗೆ ಆಗ ನಲವತ್ತು ವರ್ಷ. ಎಂಆರ್‌ಎನ್‌ಎ ಎಂಬ ಅಣುವನ್ನು ಔಷಧವಾಗಿ ಬಳಸಬಹುದೆಂದು ನಂಬಿ ಅವರು ಬರೆದ ಅನುದಾನದ ಅರ್ಜಿಗಳು ಒಂದರ ಹಿಂದೊಂದು ತಿರಸ್ಕೃತವಾಗಿದ್ದವು. ಹೊರಗಿನಿಂದ ಹಣ ತರಲಾಗದವರಿಗೆ ಪ್ರಾಧ್ಯಾಪಕ ಹುದ್ದೆಯ ಕಡೆಗೆ ಮುಂದುವರಿಯಲು ಆ ವ್ಯವಸ್ಥೆಯಲ್ಲಿ ಅವಕಾಶವಿರಲಿಲ್ಲ. ಇಂಥ ಸಂದರ್ಭದಲ್ಲಿ ಸಂಶೋಧಕರು ವಿಷಯ ಬದಲಿಸುತ್ತಾರೆ, ಇಲ್ಲವೇ ಸಂಸ್ಥೆ ಬಿಡುತ್ತಾರೆ. ಕರಿಕೊ ಎರಡನ್ನೂ ಮಾಡಲಿಲ್ಲ. ಕಡಿಮೆ ಸಂಬಳವನ್ನೂ ಕೆಳಗಿನ ದರ್ಜೆಯನ್ನೂ ಒಪ್ಪಿಕೊಂಡು ಅದೇ ಅಣುವಿನ ಬೆನ್ನು ಹಿಡಿದು ಅಲ್ಲಿಯೇ ಉಳಿದರು.

ಇಪ್ಪತ್ತೆಂಟು ವರ್ಷಗಳ ನಂತರ, 2023ರ ಅಕ್ಟೋಬರ್ 2ರಂದು, ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಕರಿಕೊ ಮತ್ತು ಅವರ ಸಹೋದ್ಯೋಗಿ ಡ್ರೂ ವೈಸ್‌ಮನ್ ಅವರಿಗೆ ಘೋಷಿಸಲಾಯಿತು. ಅಂದಿನಿಂದ ಈ ಕಥೆಯನ್ನು ಛಲಕ್ಕೆ ಸಂದ ಫಲವೆಂದು ಹೇಳುವುದು ರೂಢಿಯಾಗಿದೆ. ಅವರ ಛಲ ನಿಜವಾದದ್ದೇ. ಆದರೆ ಛಲವೊಂದರಿಂದಲೇ ಎಲ್ಲವೂ ಆಯಿತೆಂದು ಹೇಳಿ ಮುಗಿಸಿದರೆ, ಸರಿಯಾದ ಕೆಲಸವೊಂದನ್ನು ಒಂದು ದೊಡ್ಡ ವಿಶ್ವವಿದ್ಯಾಲಯ ಏಕೆ ತಪ್ಪೆಂದು ತೀರ್ಮಾನಿಸಿತು, ಆ ತೀರ್ಮಾನದ ನಂತರವೂ ಕೆಲಸ ಹೇಗೆ ಉಳಿದುಕೊಂಡಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಸಂಶೋಧನೆಯ ಹಣ ಹಂಚುವ ಹೊಸ ವ್ಯವಸ್ಥೆಗಳನ್ನು ಭಾರತ ಕಟ್ಟುತ್ತಿರುವ ಈ ಹೊತ್ತಿನಲ್ಲಿ ಇವೆರಡೂ ನಮಗೆ ಬೇಕಾದ ಪ್ರಶ್ನೆಗಳು.

ಕರಿಕೊ ಹುಟ್ಟಿದ್ದು 1955ರಲ್ಲಿ, ಹಂಗರಿಯ ಸೊಲ್ನೋಕ್ ಪಟ್ಟಣದಲ್ಲಿ. ತಂದೆ ಮಾಂಸದ ಅಂಗಡಿಯ ಕಸುಬಿನವರು. ಬೆಳೆದ ಮನೆಯಲ್ಲಿ ನಲ್ಲಿ ನೀರಿರಲಿಲ್ಲ. ಸೆಗೆಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿ ಅದೇ ಊರಿನ ಜೀವವಿಜ್ಞಾನ ಕೇಂದ್ರದಲ್ಲಿ ಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದಾಗ 1985ರಲ್ಲಿ ಅವರ ಸಂಶೋಧನೆಗೆ ಬರುತ್ತಿದ್ದ ಹಣ ನಿಂತಿತು. ಗಂಡ ಮತ್ತು ಎರಡು ವರ್ಷದ ಮಗಳೊಂದಿಗೆ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯಕ್ಕೆ ಹೊರಟರು. ದೇಶದ ಹೊರಗೆ ಹಣ ಒಯ್ಯಲು ಬಿಗಿ ಮಿತಿಯಿದ್ದ ಕಾಲವದು; ಕಾರು ಮಾರಿ ಬಂದ 900 ಪೌಂಡ್‌ಗಳನ್ನು ಮಗಳ ಕರಡಿಬೊಂಬೆಯೊಳಗೆ ಇಟ್ಟು ಹೊಲಿದುಕೊಂಡು ಗಡಿ ದಾಟಿದರು. 1989ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಎಲಿಯಟ್ ಬಾರ್ನಥನ್ ತಮ್ಮ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಕೊಟ್ಟರು.

ಈ ಅಣುವಿನ ಕೆಲಸ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ನಮ್ಮ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎ ದಾಖಲೆ ಕೊಠಡಿಯಿಂದ ಹೊರಗೆ ಬಾರದ ಮೂಲ ಕಡತವಿದ್ದಂತೆ. ಯಾವ ಪ್ರೋಟೀನು ಬೇಕೋ ಅದಕ್ಕೆ ಸಂಬಂಧಿಸಿದ ಪುಟದ ನಕಲು ಪ್ರತಿ ಮಾತ್ರ ಹೊರಗೆ ಹೋಗುತ್ತದೆ, ಅದನ್ನು ಓದಿಕೊಂಡು ಕೋಶವು ಪ್ರೋಟೀನನ್ನು ತಯಾರಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆ ನಕಲು ನಾಶವಾಗುತ್ತದೆ. 1961ರಲ್ಲಿ ಪತ್ತೆಯಾದ ಈ ನಕಲು ಪ್ರತಿಯೇ ಎಂಆರ್‌ಎನ್‌ಎ. 1984ರ ಹೊತ್ತಿಗೆ ಅದನ್ನು ಜೀವಕೋಶದ ಹೊರಗೆ, ಪ್ರಯೋಗಾಲಯದಲ್ಲಿಯೇ ತಯಾರಿಸುವ ವಿಧಾನ ಸಿದ್ಧವಾಗಿತ್ತು. ಬೇಕಾದ ಪ್ರೋಟೀನಿನ ಸೂಚನೆಯನ್ನು ಬರೆದು ಕೋಶಕ್ಕೆ ಕಳುಹಿಸಿದರೆ, ಔಷಧವನ್ನು ದೇಹವೇ ತಯಾರಿಸಿಕೊಳ್ಳಬಲ್ಲದು ಎಂಬುದು ಕರಿಕೊ ಅವರ ಯೋಚನೆ.

ಆದರೆ 1990ರ ದಶಕದಲ್ಲಿ ಎಲ್ಲರ ಗಮನವಿದ್ದದ್ದು ಡಿಎನ್‌ಎ ಆಧಾರಿತ ಜೀನ್ ಚಿಕಿತ್ಸೆಯ ಮೇಲೆ. ದೋಷವಿರುವ ಜೀನನ್ನು ಶಾಶ್ವತವಾಗಿ ಸರಿಪಡಿಸುವ ಭರವಸೆಯ ಮುಂದೆ, ಕೆಲವು ಗಂಟೆಗಳಲ್ಲಿ ಇಲ್ಲವಾಗುವ ಎಂಆರ್‌ಎನ್‌ಎ ದುರ್ಬಲವಾಗಿ ಕಂಡಿತು. ಹೆಚ್ಚಿನ ಕಾಯಿಲೆಗಳಿಗೆ ಬೇಕಿರುವುದು ತಾತ್ಕಾಲಿಕ ನೆರವೇ ಹೊರತು ವಂಶವಾಹಿಯ ಬದಲಾವಣೆಯಲ್ಲ ಎಂದು ಕರಿಕೊ ವಾದಿಸುತ್ತಿದ್ದರು. 1999ರಲ್ಲಿ ಅದೇ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸಾ ಪ್ರಯೋಗವೊಂದರಲ್ಲಿ ಪಾಲ್ಗೊಂಡಿದ್ದ 18 ವರ್ಷದ ಯುವಕನೊಬ್ಬ ತೀವ್ರ ಪ್ರತಿರೋಧ ಪ್ರತಿಕ್ರಿಯೆಯಿಂದ ಮೃತಪಟ್ಟು, ಇಡೀ ಕ್ಷೇತ್ರವೇ ವರ್ಷಗಟ್ಟಲೆ ಹಿಂದೆ ಬಿದ್ದಿತು. ಹತ್ತು ವರ್ಷದ ಹಿಂದೆ ಯಾವುದು ಭದ್ರವಾದ ಆಯ್ಕೆಯಾಗಿತ್ತೋ ಅದೇ ಅಪಾಯಕಾರಿಯಾಗಿ ಕಾಣತೊಡಗಿತು.

ಅರ್ಜಿಗಳನ್ನು ತಿರಸ್ಕರಿಸಿದ ಪರಿಶೀಲಕರು ಅಜ್ಞಾನಿಗಳಾಗಿದ್ದರು ಎಂದು ಈಗ ಹೇಳುವುದು ಸುಲಭ, ಮತ್ತು ಅನ್ಯಾಯ. ಎಂಆರ್‌ಎನ್‌ಎಯನ್ನು ಒಡೆಯುವ ಕಿಣ್ವಗಳು ನಮ್ಮ ಬೆರಳ ತುದಿಯಿಂದ ಹಿಡಿದು ಪ್ರಯೋಗಾಲಯದ ಮೇಜಿನವರೆಗೆ ಎಲ್ಲೆಡೆಯೂ ಇರುತ್ತವೆ. ಕೋಶವನ್ನು ಸೇರಿದ ಮೇಲೂ ಅದರಿಂದ ತಯಾರಾಗುತ್ತಿದ್ದ ಪ್ರೋಟೀನಿನ ಪ್ರಮಾಣ ಕಡಿಮೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಹೊರಗಿನಿಂದ ಕೊಟ್ಟ ಎಂಆರ್‌ಎನ್‌ಎಯನ್ನು ದೇಹವು ವೈರಾಣುವಿನ ದಾಳಿಯೆಂದೇ ಭಾವಿಸಿ ಉರಿಯೂತವನ್ನು ಉಂಟುಮಾಡುತ್ತಿತ್ತು. ಇವೆಲ್ಲ ನಿಜವಾದ ಆಕ್ಷೇಪಗಳು, 1995ರಲ್ಲಿ ಇವುಗಳಿಗೆ ಕರಿಕೊ ಅವರ ಬಳಿಯೂ ಉತ್ತರವಿರಲಿಲ್ಲ.

ಸಮಸ್ಯೆಯಿದ್ದದ್ದು ಆ ಆಕ್ಷೇಪಗಳನ್ನು ಬಳಸಿಕೊಂಡ ರೀತಿಯಲ್ಲಿ. ಅಮೆರಿಕದ ವೈದ್ಯಕೀಯ ವಿದ್ಯಾಸಂಸ್ಥೆಗಳಲ್ಲಿ ಸಂಶೋಧನೆಗೆಂದೇ ನೇಮಕಗೊಂಡವರ ಸಂಬಳದ ದೊಡ್ಡ ಪಾಲು ಅವರೇ ತರಬೇಕಾದ ಅನುದಾನದಿಂದ ಬರುತ್ತದೆ; ಆ ಅನುದಾನದ ಒಂದು ಭಾಗ ಕಟ್ಟಡ, ವಿದ್ಯುತ್, ಆಡಳಿತದ ವೆಚ್ಚವೆಂದು ಸಂಸ್ಥೆಗೂ ಸಲ್ಲುತ್ತದೆ. ಹೀಗಿರುವಾಗ ಪರಿಶೀಲನಾ ಸಮಿತಿಯೊಂದು ‘ಈ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ’ ಎಂದು ಬರೆದದ್ದು, ವಿಶ್ವವಿದ್ಯಾಲಯದ ಲೆಕ್ಕಪತ್ರದಲ್ಲಿ ‘ಈ ವ್ಯಕ್ತಿ ನಷ್ಟದ ಬಾಬ್ತು’ ಎಂಬುದಾಗಿ ಮಾರ್ಪಡುತ್ತದೆ. ವೈಜ್ಞಾನಿಕ ಅನುಮಾನವೊಂದು ಯಾರೂ ಮತ್ತೆ ಪರೀಕ್ಷಿಸದೆಯೇ ವೃತ್ತಿಯ ತೀರ್ಪಾಗುವುದು ಹೀಗೆ. ಕರಿಕೊ ಅವರ ‘ತಪ್ಪು’ ಹುಟ್ಟಿದ್ದು ಈ ಭಾಷಾಂತರದಲ್ಲಿ.

ಅದೇ 1995ರಲ್ಲಿ ಅವರಿಗೆ ಕ್ಯಾನ್ಸರ್ ಇರಬಹುದೆಂಬ ಶಂಕೆಯೂ ಇತ್ತು. ವೀಸಾ ತೊಡಕಿನಿಂದ ಗಂಡ ತಿಂಗಳುಗಟ್ಟಲೆ ಹಂಗರಿಯಲ್ಲಿ ಸಿಕ್ಕಿಕೊಂಡಿದ್ದರು. ಆ ದಿನಗಳಲ್ಲಿ ಯಾವ ಹಿತೈಷಿಯಾದರೂ, ಈ ಸಾಲುಗಳನ್ನು ಬರೆಯುತ್ತಿರುವ ನಾನಾಗಿದ್ದರೂ, ‘ಬಿಟ್ಟುಬಿಡಿ, ಬೇರೆ ಕೆಲಸ ನೋಡಿಕೊಳ್ಳಿ’ ಎಂದೇ ಹೇಳುತ್ತಿದ್ದೆವು. ಆಗ ಲಭ್ಯವಿದ್ದ ಮಾಹಿತಿಯ ಮಟ್ಟಿಗೆ ಅದು ಸರಿಯಾದ ಸಲಹೆಯೇ ಆಗಿರುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳದೆ ಈ ವಿಷಯವನ್ನು ಪ್ರಾಮಾಣಿಕವಾಗಿ ಚರ್ಚಿಸಲಾಗದು.

ಹಾಗಾದರೆ ಕೆಲಸ ಉಳಿದದ್ದು ಹೇಗೆ? ಮೊದಲು ಬಾರ್ನಥನ್ ಅವರ ಪ್ರಯೋಗಾಲಯ ಆಸರೆಯಾಗಿತ್ತು. ಅವರು 1997ರಲ್ಲಿ ಖಾಸಗಿ ಕಂಪನಿಯೊಂದಕ್ಕೆ ಹೋದಾಗ ಆ ಆಸರೆಯೂ ತಪ್ಪಿತು. ಆಗ ಕರಿಕೊ ಅವರ ಪರವಾಗಿ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರ ಬಳಿ ಮಾತನಾಡಿ, ಅಲ್ಲೊಂದು ಜಾಗವನ್ನೂ ಸಂಬಳವನ್ನೂ ದೊರಕಿಸಿಕೊಟ್ಟವರು ಡೇವಿಡ್ ಲ್ಯಾಂಗರ್ ಎಂಬ ಯುವ ವೈದ್ಯರು. ಅವರಿನ್ನೂ ಆ ವಿಭಾಗದಲ್ಲಿ ತರಬೇತಿ ಪಡೆಯುತ್ತಿದ್ದರು. ಯಾವ ಅಧಿಕಾರವೂ ಇರಲಿಲ್ಲ. ಪ್ರಯೋಗಾಲಯದಲ್ಲಿ ಕರಿಕೊ ಅವರು ಫಲಿತಾಂಶಗಳನ್ನು ಎಷ್ಟು ನಿಷ್ಠುರವಾಗಿ ಪರೀಕ್ಷಿಸುತ್ತಾರೆಂಬುದನ್ನು ಹತ್ತಿರದಿಂದ ಕಂಡಿದ್ದರು, ಅಷ್ಟೆ. ಅನುದಾನದ ಸಮಿತಿಗಳಿಗೆ ಕಾಣದ ಸಂಗತಿಯೊಂದು, ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವರಿಗೆ ಕಂಡಿತ್ತು.

ಡ್ರೂ ವೈಸ್‌ಮನ್ ಅದೇ 1997ರಲ್ಲಿ ವಿಶ್ವವಿದ್ಯಾಲಯಕ್ಕೆ ಬಂದರು. ಎಚ್‌ಐವಿ ಲಸಿಕೆಯ ಸಾಧ್ಯತೆಯನ್ನು ಹುಡುಕುತ್ತಿದ್ದ ಪ್ರತಿರೋಧ ವಿಜ್ಞಾನಿ ಅವರು. ವಿಜ್ಞಾನ ಪತ್ರಿಕೆಗಳ ಲೇಖನಗಳನ್ನು ನಕಲು ಮಾಡಿಕೊಳ್ಳಲು ಜೆರಾಕ್ಸ್ ಯಂತ್ರದ ಬಳಿ ಸರದಿ ಕಾಯುತ್ತಿದ್ದಾಗ ಇಬ್ಬರಿಗೂ ಪರಿಚಯವಾಯಿತು. ‘ನಿಮಗೆ ಬೇಕಾದ ಯಾವ ಎಂಆರ್‌ಎನ್‌ಎಯನ್ನಾದರೂ ನಾನು ತಯಾರಿಸಬಲ್ಲೆ’ ಎಂಬ ಅರ್ಥದ ಮಾತನ್ನು ಕರಿಕೊ ಆಡಿದರು. ಒಬ್ಬರಿಗೆ ಆರ್‌ಎನ್‌ಎ ಗೊತ್ತಿತ್ತು, ಇನ್ನೊಬ್ಬರಿಗೆ ಪ್ರತಿರೋಧ ವ್ಯವಸ್ಥೆ ಗೊತ್ತಿತ್ತು. ಅನುದಾನ ಇದ್ದದ್ದು ವೈಸ್‌ಮನ್ ಅವರ ಬಳಿ.

ಕರಿಕೊ ತಯಾರಿಸಿಕೊಟ್ಟ ಎಂಆರ್‌ಎನ್‌ಎಯನ್ನು ವೈಸ್‌ಮನ್ ಪ್ರತಿರೋಧ ಕೋಶಗಳಿಗೆ ಕೊಟ್ಟಾಗ ಅವು ಉದ್ರೇಕಗೊಂಡವು. ಪರಿಶೀಲಕರು ಹೇಳಿದ್ದ ತೊಂದರೆ ಕಣ್ಣೆದುರಿಗೇ ಇತ್ತು. ಆದರೆ ಹೋಲಿಕೆಗೆಂದು ಇಟ್ಟಿದ್ದ ಇನ್ನೊಂದು ಬಗೆಯ ಆರ್‌ಎನ್‌ಎ, ಅಂದರೆ ಕೋಶದಲ್ಲಿ ಅಮೈನೊ ಆಮ್ಲಗಳನ್ನು ಸಾಗಿಸುವ ಟಿಆರ್‌ಎನ್‌ಎ, ಯಾವ ಉರಿಯೂತವನ್ನೂ ಉಂಟುಮಾಡಲಿಲ್ಲ. ಎರಡೂ ಆರ್‌ಎನ್‌ಎಗಳೇ, ಒಂದಕ್ಕೆ ಮಾತ್ರ ಪ್ರತಿರೋಧ ಏಕೆ? ಟಿಆರ್‌ಎನ್‌ಎಯ ಘಟಕಗಳಲ್ಲಿ ಸಹಜವಾಗಿಯೇ ಹಲವು ರಾಸಾಯನಿಕ ಮಾರ್ಪಾಟುಗಳಿರುತ್ತವೆ, ಪ್ರಯೋಗಾಲಯದಲ್ಲಿ ತಯಾರಿಸಿದ ಎಂಆರ್‌ಎನ್‌ಎಯಲ್ಲಿ ಅವು ಇರುವುದಿಲ್ಲ ಎಂಬುದು ಸುಳಿವಾಯಿತು. ಎಂಆರ್‌ಎನ್‌ಎಯ ನಾಲ್ಕು ಘಟಕಗಳಲ್ಲಿ ಒಂದಾದ ಯೂರಿಡಿನ್ ಬದಲಿಗೆ ಅದರ ಹತ್ತಿರದ ರೂಪವಾದ ಸ್ಯೂಡೋಯೂರಿಡಿನ್ ಬಳಸಿ ಅಣುವನ್ನು ತಯಾರಿಸಿದಾಗ ಉರಿಯೂತ ಬಹುತೇಕ ಇಲ್ಲವಾಯಿತು. 2005ರಲ್ಲಿ ಈ ಫಲಿತಾಂಶ ‘ಇಮ್ಯುನಿಟಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. 2008ರ ಹೊತ್ತಿಗೆ, ಹೀಗೆ ಮಾರ್ಪಡಿಸಿದ ಎಂಆರ್‌ಎನ್‌ಎಯಿಂದ ಪ್ರೋಟೀನು ಹೆಚ್ಚು ತಯಾರಾಗುತ್ತದೆ ಎಂಬುದನ್ನೂ ಅವರು ತೋರಿಸಿದರು. ಎರಡು ದೊಡ್ಡ ಆಕ್ಷೇಪಗಳಿಗೆ ಒಂದೇ ಬದಲಾವಣೆಯಿಂದ ಪರಿಹಾರ ಸಿಕ್ಕಿತ್ತು. ಲೇಖನ ಪ್ರಕಟವಾದೊಡನೆ ಎಲ್ಲೆಡೆಯಿಂದ ಕರೆಗಳು ಬರುತ್ತವೆಂದು ವೈಸ್‌ಮನ್ ನಿರೀಕ್ಷಿಸಿದ್ದರು. ಬಹುಕಾಲ ಯಾರೂ ಗಮನಿಸಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕರಿಕೊ ಹಟಕ್ಕೆ ಬಿದ್ದು ಒಂದನ್ನೇ ಮಾಡುತ್ತಾ ಕುಳಿತವರಲ್ಲ. ಬಾರ್ನಥನ್ ಅವರೊಂದಿಗಿದ್ದಾಗ ಹೃದಯ ಶಸ್ತ್ರಚಿಕಿತ್ಸೆಯ ನಂತರ ರಕ್ತನಾಳಗಳಿಗೆ ನೆರವಾಗುವ ಪ್ರೋಟೀನನ್ನು, ಲ್ಯಾಂಗರ್ ಅವರೊಂದಿಗಿದ್ದಾಗ ಮಿದುಳಿನ ರಕ್ತನಾಳಗಳ ತೊಂದರೆಯನ್ನು, ವೈಸ್‌ಮನ್ ಅವರೊಂದಿಗೆ ಎಚ್‌ಐವಿಯನ್ನು ಗುರಿಯಾಗಿಸಿಕೊಂಡರು. ಅಣುವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಂಡರು. ತಮ್ಮ ವಿರುದ್ಧ ಬಂದ ಆಕ್ಷೇಪವನ್ನೇ ಮುಂದಿನ ಪ್ರಯೋಗದ ಪ್ರಶ್ನೆಯಾಗಿ ತೆಗೆದುಕೊಂಡರು. ಹಟಮಾರಿತನಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು, ಹೊರಗಿನಿಂದ ನೋಡುವವರಿಗೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ.

2013ರಲ್ಲಿ ಅವರು ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಜರ್ಮನಿಯ ಮೈಂಜ್ ನಗರದ ಬಯೋಎನ್‌ಟೆಕ್ ಕಂಪನಿಯನ್ನು ಸೇರಿದರು. ಉಗುರ್ ಶಾಹಿನ್ ಮತ್ತು ಓಜ್ಲೆಮ್ ತುರೆಜಿ ದಂಪತಿ 2008ರಲ್ಲಿ ಇತರರೊಂದಿಗೆ ಸ್ಥಾಪಿಸಿದ್ದ ಆ ಕಂಪನಿಗೆ ಆಗ ವೆಬ್‌ಸೈಟ್ ಕೂಡ ಇರಲಿಲ್ಲ. ಕರಿಕೊ ಅವರಿಗೆ 58 ವರ್ಷ. ನಮ್ಮಲ್ಲಾದರೆ ಪಿಂಚಣಿಯ ಲೆಕ್ಕ ಹಾಕುವ ವಯಸ್ಸು. ಸಂಸಾರ ಅಮೆರಿಕದಲ್ಲಿ, ಉದ್ಯೋಗ ಜರ್ಮನಿಯಲ್ಲಿ. ಇದೂ ಆಗ ತಪ್ಪು ಹೆಜ್ಜೆಯೆಂದೇ ಹಲವರಿಗೆ ತೋರಿತ್ತು. ಏಳು ವರ್ಷಗಳ ನಂತರ, 2020ರ ನವೆಂಬರ್‌ನಲ್ಲಿ, ಬಯೋಎನ್‌ಟೆಕ್ ಮತ್ತು ಫೈಜರ್ ಸೇರಿ ತಯಾರಿಸಿದ ಕೋವಿಡ್ ಲಸಿಕೆ ಶೇ 95ರಷ್ಟು ಪರಿಣಾಮಕಾರಿಯೆಂದು ಪ್ರಯೋಗದಲ್ಲಿ ಕಂಡುಬಂದಿತು. ಈ ಲಸಿಕೆಯಲ್ಲಿಯೂ ಮೊಡೆರ್ನಾ ಲಸಿಕೆಯಲ್ಲಿಯೂ ಇದ್ದದ್ದು ಯೂರಿಡಿನ್‌ನ ಮಾರ್ಪಡಿಸಿದ ರೂಪವೇ. ಮಾರ್ಪಾಟಿಲ್ಲದ ಎಂಆರ್‌ಎನ್‌ಎ ಬಳಸಿದ ಜರ್ಮನಿಯ ಕ್ಯೂರ್‌ವ್ಯಾಕ್ ಕಂಪನಿಯ ಲಸಿಕೆಯ ಪರಿಣಾಮ 2021ರ ಪ್ರಯೋಗದಲ್ಲಿ ಶೇ 48ಕ್ಕೆ ನಿಂತಿತು. ಪ್ರಯೋಗ ನಡೆದ ಕಾಲದಲ್ಲಿ ವೈರಾಣುವಿನ ಹೊಸ ತಳಿಗಳು ಹರಡಿದ್ದವು, ಲಸಿಕೆಯ ಪ್ರಮಾಣವೂ 12 ಮೈಕ್ರೋಗ್ರಾಂನಷ್ಟು ಕಡಿಮೆಯಿತ್ತು. ಫೈಜರ್ ಲಸಿಕೆಯಲ್ಲಿ ಅದು 30. ಹೀಗಾಗಿ ಇಡೀ ಅಂತರಕ್ಕೆ ಒಂದೇ ಕಾರಣವೆಂದು ಹೇಳಲಾಗದು. ಆದರೂ 2005ರ ಆ ಸಣ್ಣ ರಾಸಾಯನಿಕ ಬದಲಾವಣೆ ಅಲಂಕಾರಕ್ಕೆ ಮಾಡಿದ್ದಲ್ಲ ಎಂಬುದಕ್ಕೆ ಇದು ಗಮನಾರ್ಹ ಸಾಕ್ಷ್ಯ.

ಕಥೆ ಇಲ್ಲಿಗೆ ನಿಂತರೆ ಓದುಗರಿಗೆ ಸಮಾಧಾನವಾಗುತ್ತದೆ. ನನಗೆ ಡಗ್ಲಾಸ್ ಪ್ರಾಷರ್ ಅವರನ್ನು ನೆನೆಯದೆ ಈ ಸಮಾಧಾನವನ್ನು ಒಪ್ಪಿಕೊಳ್ಳಲಾಗುವುದಿಲ್ಲ. ಜೆಲ್ಲಿ ಮೀನೊಂದರಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯಲ್ಲಿ ಪ್ರತ್ಯೇಕಿಸಿ, 1992ರಲ್ಲಿ ಪ್ರಕಟಿಸಿದವರು ಅವರು. ಆ ಜೀನನ್ನು ಬೇರೊಂದು ಜೀವಿಯ ಕೋಶದಲ್ಲಿಟ್ಟರೆ, ಯಾವ ಪ್ರೋಟೀನು ಎಲ್ಲಿ ಯಾವಾಗ ತಯಾರಾಗುತ್ತಿದೆ ಎಂಬುದನ್ನು ಬೆಳಕಿನಿಂದಲೇ ಗುರುತಿಸಬಹುದೆಂದು ಅವರಿಗೆ ಹೊಳೆದಿತ್ತು. ಮುಂದಿನ ಕೆಲಸಕ್ಕೆ ಅನುದಾನ ಸಿಗಲಿಲ್ಲ. ತಾವು ಮುಂದುವರಿಸಲಾಗದೆಂದು ಅರಿವಾದಾಗ ಪ್ರಾಷರ್ ಆ ಜೀನನ್ನು ಕೇಳಿಕೊಂಡು ಬಂದ ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ ಉದಾರವಾಗಿ ಕಳುಹಿಸಿಕೊಟ್ಟರು. 2008ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಒಸಾಮು ಶಿಮೊಮುರಾ ಅವರೊಂದಿಗೆ ಚಾಲ್ಫಿ ಮತ್ತು ಚೆನ್ ಹಂಚಿಕೊಂಡಾಗ, ಪ್ರಾಷರ್ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ನಗರದಲ್ಲಿ ಕಾರು ಮಾರಾಟ ಮಳಿಗೆಯೊಂದರ ಗ್ರಾಹಕರನ್ನು ಕರೆತಂದು ಬಿಡುವ ವಾಹನದ ಚಾಲಕರಾಗಿದ್ದರು. ಪ್ರಾಷರ್ ಅವರನ್ನು ಚಾಲ್ಫಿ ಮತ್ತು ಚೆನ್ ಮರೆಯಲಿಲ್ಲ. ತಮ್ಮ ಖರ್ಚಿನಲ್ಲಿ ಸ್ಟಾಕ್‌ಹೋಮ್‌ಗೆ ಕರೆದೊಯ್ದರು. ಮುಂದೆ ಚೆನ್ ತಮ್ಮ ಪ್ರಯೋಗಾಲಯದಲ್ಲಿಯೇ ಅವರಿಗೆ ಕೆಲಸ ಕೊಟ್ಟರು. ಆದರೆ ಆ ನಡುವೆ ಹೋದ ವರ್ಷಗಳು ಹೋದವು.

ಇಬ್ಬರ ಪ್ರತಿಭೆಯಲ್ಲಾಗಲಿ ಆಲೋಚನೆಯ ಮಹತ್ವದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಕರಿಕೊ ಅವರಿಗೆ ಪ್ರತಿಬಾರಿ ನೆಲ ಕುಸಿದಾಗಲೂ ಅದೇ ಆವರಣದೊಳಗೆ ಇನ್ನೊಬ್ಬರ ಪ್ರಯೋಗಾಲಯದಲ್ಲಿ ಒಂದು ಮೇಜು ಸಿಕ್ಕಿತು. ಪ್ರಾಷರ್ ಅವರಿಗೆ ಸಿಗಲಿಲ್ಲ. ಒಬ್ಬರ ‘ತಪ್ಪು’ ದೂರದೃಷ್ಟಿಯೆಂದು, ಇನ್ನೊಬ್ಬರದು ದುರದೃಷ್ಟವೆಂದು ದಾಖಲಾಗಲು ಈ ಸಣ್ಣ ವ್ಯತ್ಯಾಸವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಬಾಗಿಲು ಮುಚ್ಚಿದ ಮೇಲೆ ಹೊರನಡೆದ ಎಷ್ಟು ಮಂದಿಯ ಕೈಯಲ್ಲಿ ಇಂಥದೇ ಉತ್ತರಗಳಿದ್ದವೋ ಎಂಬುದರ ಲೆಕ್ಕ ಎಲ್ಲಿಯೂ ಇಲ್ಲ, ಏಕೆಂದರೆ ನಮ್ಮ ಕಿವಿಗೆ ಬೀಳುವುದು ಗೆದ್ದವರ ಕಥೆಗಳು ಮಾತ್ರ.

ನಮ್ಮಲ್ಲಿಯೂ ಇದಕ್ಕೆ ಹಳೆಯ ಉದಾಹರಣೆಯಿದೆ. 1917ರಲ್ಲಿ ಸಿ.ವಿ. ರಾಮನ್ ಭಾರತೀಯ ಹಣಕಾಸು ಇಲಾಖೆಯ ಉನ್ನತ ಹುದ್ದೆಯನ್ನು ಬಿಟ್ಟು, ಅದಕ್ಕಿಂತ ಕಡಿಮೆ ಸಂಬಳದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಸೇರಿದಾಗ ಲೌಕಿಕ ಲೆಕ್ಕದಲ್ಲಿ ಅದು ನಷ್ಟದ ವ್ಯವಹಾರವೇ ಆಗಿತ್ತು. ಆದರೆ ಅದಕ್ಕೂ ಮೊದಲಿನ ಹತ್ತು ವರ್ಷ ಕಚೇರಿಯ ಮುಂಚೆ ಮತ್ತು ನಂತರದ ಹೊತ್ತಿನಲ್ಲಿ ಪ್ರಯೋಗ ಮಾಡಲು, ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘವು ಅವರಿಗೆ ಬಾಗಿಲು ತೆರೆದಿಟ್ಟಿತ್ತು. ಪೀಠಕ್ಕೆ ಕರೆತರಲು ಆಶುತೋಷ್ ಮುಖರ್ಜಿ ಅವರಂಥ ಕುಲಪತಿ ಇದ್ದರು. 1930ರಲ್ಲಿ ನೊಬೆಲ್ ಪಡೆದು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್ ನಮಗೆ ಚೆನ್ನಾಗಿ ಗೊತ್ತು. ಬಾಗಿಲು ತೆರೆದಿಟ್ಟವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಈಗಿನ ಭಾರತಕ್ಕೆ ಬಂದರೆ, ಸಂಶೋಧನೆ ಮತ್ತು ಅಭಿವೃದ್ಧಿಗೆ ದೇಶ ಮಾಡುವ ವೆಚ್ಚ ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟಿದೆ. 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ರಚನೆಯಾಗಿದ್ದು, ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಅಂದಾಜು ಹಾಕಲಾಗಿದೆ. ಅದರ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕು. 2025ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟವು 1 ಲಕ್ಷ ಕೋಟಿ ರೂಪಾಯಿಯ ಇನ್ನೊಂದು ನಿಧಿಗೆ ಒಪ್ಪಿಗೆ ನೀಡಿತು. ಈ ಎರಡನೆಯ ನಿಧಿ ಖಾಸಗಿ ವಲಯದ ಸಂಶೋಧನೆಗೆ ದೀರ್ಘಾವಧಿಯ ಸಾಲದಂಥ ನೆರವು ನೀಡುವ ಉದ್ದೇಶದ್ದು, ತಂತ್ರಜ್ಞಾನ ಈಗಾಗಲೇ ಒಂದು ಹಂತದವರೆಗೆ ಪಕ್ವವಾಗಿರಬೇಕೆಂಬುದು ಅದರ ಷರತ್ತು. ಇಂಥ ನಿಧಿಯೂ ಬೇಕು. ಆದರೆ 1995ರ ಕರಿಕೊ ಅವರ ಅರ್ಜಿ ಅಲ್ಲಿ ಬಾಗಿಲ ಬಳಿಯೇ ಹಿಂದಿರುಗುತ್ತಿತ್ತು ಎಂಬುದನ್ನು ಮರೆಯಬಾರದು.

ನಮ್ಮ ವಿದ್ಯಾಸಂಸ್ಥೆಗಳನ್ನು ಅಳೆಯುವ ರಾಷ್ಟ್ರೀಯ ರ‍್ಯಾಂಕಿಂಗ್ ವ್ಯವಸ್ಥೆಯಲ್ಲಿಯೂ ಪ್ರಕಟಣೆ, ಪೇಟೆಂಟ್‌ಗಳ ಜೊತೆಗೆ ಹೊರಗಿನಿಂದ ತಂದ ಸಂಶೋಧನಾ ಹಣಕ್ಕೆ ಅಂಕಗಳಿವೆ. ಹಣ ತರುವ ಶಕ್ತಿಯೇ ವಿದ್ವತ್ತಿನ ಗುರುತಾಗುವ ಅಮೆರಿಕದ ಅಭ್ಯಾಸ ಹೀಗೆ ಸದ್ದಿಲ್ಲದೆ ಇಲ್ಲಿಗೂ ಬರುತ್ತಿದೆ. 2023ರ ಪರಿಷ್ಕರಣೆಯ ನಂತರ ಕಿರಿಯ ಸಂಶೋಧನಾ ವಿದ್ಯಾರ್ಥಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ನಿಗದಿಯಾಗಿದೆ. ಪಿಎಚ್‌.ಡಿ. ಮುಗಿದ ಮೇಲೆ ಕಾಯಂ ಹುದ್ದೆ ಸಿಗುವವರೆಗಿನ ಅವಧಿಯನ್ನು ಒಂದು ಯೋಜನೆಯಿಂದ ಇನ್ನೊಂದು ಯೋಜನೆಗೆ ದಾಟುತ್ತಾ ಕಳೆಯಬೇಕಾಗುತ್ತದೆ. ಮೂವತ್ತು ದಾಟಿದ ಮಗ ಅಥವಾ ಮಗಳು ಇನ್ನೂ ‘ಓದುತ್ತಲೇ’ ಇದ್ದಾರೆಂದು ನೆಂಟರ ಮುಂದೆ ಹೇಳಿಕೊಳ್ಳಬೇಕಾದ ಮನೆಗಳಲ್ಲಿ, ಇಂಥ ಒಂದು ಯೋಜನೆಯ ಹಣ ಆರು ತಿಂಗಳು ತಡವಾದರೂ ಸಾಕು, ಆಯ್ಕೆಯೇ ತಪ್ಪಾಯಿತೆಂಬ ತೀರ್ಮಾನ ಹೊರಬೀಳುತ್ತದೆ.

ಹಣವಿದ್ದಲ್ಲಿಯೂ ತೀರ್ಪು ತಪ್ಪಬಹುದು ಎಂಬುದಕ್ಕೆ ಅಮೆರಿಕದಲ್ಲಿಯೇ ಹೊಸ ನಿದರ್ಶನವಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆಯು ಸುಮಾರು 50 ಕೋಟಿ ಡಾಲರ್ ಮೌಲ್ಯದ 22 ಎಂಆರ್‌ಎನ್‌ಎ ಲಸಿಕಾ ಯೋಜನೆಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ನೊಬೆಲ್ ಬಂದು ಎರಡು ವರ್ಷವೂ ತುಂಬುವ ಮೊದಲೇ, ಅದೇ ಅಣುವಿನ ಮೇಲೆ ಕೆಲಸ ಮಾಡುವುದು ಮತ್ತೊಮ್ಮೆ ತಪ್ಪು ಆಯ್ಕೆಯ ಪಟ್ಟಿಗೆ ಸೇರುವ ಸ್ಥಿತಿ ಬಂದಿದೆ.

ಪ್ರತಿಯೊಬ್ಬ ಸಂಶೋಧಕರ ಪ್ರತಿಯೊಂದು ಆಸೆಗೂ ಹಣ ಕೊಡಲು ಯಾವ ದೇಶಕ್ಕೂ ಆಗದು. ಆದರೆ ಎರಡು ಅನುದಾನಗಳ ನಡುವಿನ ಖಾಲಿ ಅವಧಿಯಲ್ಲಿ ಸಂಬಳ, ರಾಸಾಯನಿಕಗಳ ಖರ್ಚು ಮತ್ತು ಒಂದು ಮೇಜನ್ನು ಎರಡು ವರ್ಷದ ಮಟ್ಟಿಗೆ ಒದಗಿಸುವ ಸಣ್ಣ ನಿಧಿಯನ್ನು ಪ್ರತಿ ಸಂಸ್ಥೆಯೂ ತನ್ನ ಬಳಿ ಇಟ್ಟುಕೊಳ್ಳಬಹುದು. ಅದನ್ನು ಹಂಚುವಾಗ ಹಿಂದೆ ತಂದ ಮೊತ್ತವನ್ನು ಕೇಳುವ ಬದಲು, ತಮ್ಮ ಮೇಲಿನ ಆಕ್ಷೇಪಕ್ಕೆ ಯಾವ ಪ್ರಯೋಗದಿಂದ ಉತ್ತರ ಕೊಡಬಲ್ಲಿರಿ ಎಂದು ಸಂಶೋಧಕರನ್ನು ಕೇಳಬೇಕು. ಜೊತೆಯಲ್ಲಿ ಕೆಲಸ ಮಾಡಿದವರ ಮಾತಿಗೆ, ಅವರು ಇನ್ನೂ ತರಬೇತಿಯಲ್ಲಿರುವ ಕಿರಿಯರಾಗಿದ್ದರೂ, ಬೆಲೆ ಇರಬೇಕು. 1997ರಲ್ಲಿ ಫಿಲಡೆಲ್ಫಿಯಾದ ಆ ವಿಭಾಗದ ಮುಖ್ಯಸ್ಥರು ಕೇಳಿಸಿಕೊಂಡದ್ದು ಅಂಥದೇ ಒಬ್ಬ ಕಿರಿಯರ ಮಾತನ್ನು.